ನಿತ್ಯ ಪ್ರಾರ್ಥನೆಯಲ್ಲಿ ಸಭಾಪಾಲಕರ ಪಾಲೂ ನಮ್ಮ ಪಾಲೂ

ಹೋದ ಮಳೆಗಾಲದ ಒಂದು ಬುಧವಾರ ಸಾಯಂಕಾಲ ನಮ್ಮ ಕರಾವಳಿಯ ಒಂದು ಸಣ್ಣ ಸಭೆಯಲ್ಲಿ ನಡೆದ ಸಂಗತಿಯನ್ನು ವಾಚಕರಿಗೆ ಮೊದಲು ಅರಿಕೆ ಮಾಡುತ್ತೇವೆ. ಸಭೆಯ ಹೆಸರು ಇಲ್ಲಿ ಅವಶ್ಯವಲ್ಲ. ಸಂಜೆಯ ಪ್ರಾರ್ಥನೆಗೆಂದು ಮೂವತ್ತು ನಾಲ್ವತ್ತು ಮಂದಿ ಕೂಡಿದ್ದರು. ಸಭಾಪಾಲಕರು ಬೇರೊಂದು ಊರಿನಲ್ಲಿ ಕಾಯಿಲೆಯವರನ್ನು ಕಂಡು ಅಲ್ಲಿಂದ ಬರತಕ್ಕವರಾಗಿದ್ದರು. ದಾರಿಗಡ್ಡವಾಗಿ ಮರ ಬಿದ್ದುದರಿಂದ ಅವರಿಗೆ ಬರುವುದಾಗಲಿಲ್ಲ. ಕೂಡಿದವರು ಅರ್ಧ ಗಂಟೆಯ ತನಕ ಸುಮ್ಮನೆ ಕುಳಿತಿದ್ದರು. ಹಂಚಿನ ಮೇಲೆ ಬೀಳುವ ಮಳೆಯ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಕೊಡೆ ಬಿಡಿಸಿ ಮನೆಗೆ ಹೋದರು. ಆ ಬೆಂಚುಗಳ ಮೇಲೆ ಕುಳಿತಿದ್ದವರಲ್ಲಿ ನಾಲ್ವರಾದರೂ ನಮ್ಮ ಶಾಲೆಯ ಹಳೇ ವಿದ್ಯಾರ್ಥಿನಿಯರು. ಹತ್ತನೆಯ ತರಗತಿಯಲ್ಲಿದ್ದಾಗ ನೂರಾರು ಹುಡುಗಿಯರ ಮುಂದೆ ನಿಂತು ಬೆಳಗಿನ ಪ್ರಾರ್ಥನೆಯನ್ನು ನಡಿಸಿದವರು, ಕೀರ್ತನೆಗಳನ್ನು ಓದಿದವರು, ಗೀತಗಳನ್ನು ಎತ್ತಿಕೊಟ್ಟವರು. ಅವರಲ್ಲೊಬ್ಬಳನ್ನು ಮರುದಿನ ಕಂಡಾಗ, "ನೀನಾದರೂ ಒಂದು ಅಧ್ಯಾಯ ಓದಬಹುದಿತ್ತಲ್ಲ ಮಗಾ" ಎಂದೆವು. "ಅಯ್ಯನವರಿಲ್ಲದೆ ನಾವು ಹ್ಯಾಗೆ ಮಾಡುವುದು ಟೀಚರ್? ಯಾರಾದರೂ ಏನಾದರೂ ಅಂದರೆ?" ಎಂದು ಆಕೆ ಉತ್ತರ ಕೊಟ್ಟಳು.

ಈ ಉತ್ತರವು ನಮ್ಮನ್ನು ಬಹುದಿನ ಬಿಡಲಿಲ್ಲ. ಆಕೆಯನ್ನು ದೂಷಿಸುವ ಮನಸ್ಸು ನಮಗಿಲ್ಲ. ಮಳೆಯಲ್ಲಿ ಸಿಕ್ಕಿಬಿದ್ದ ಸಭಾಪಾಲಕರನ್ನಂತೂ ದೂಷಿಸಲಾಗದು. ಆದರೆ ಅಯ್ಯನವರಿಲ್ಲದೆ ಪ್ರಾರ್ಥನೆಯಿಲ್ಲವೆಂಬ ಮಾತನ್ನು ಆಕೆ ಸತ್ಯವೇದದಲ್ಲಿ ಓದಿದವಳಲ್ಲ, ನಮ್ಮ ಶಾಲೆಯಲ್ಲಿ ಕಲಿತವಳೂ ಅಲ್ಲ. ಮತ್ತೆ ಅದು ಎಲ್ಲಿಂದ ಬಂತು? ಆದಿ ಸಭೆಯಲ್ಲಿ ದಿನದಿನದ ಆರಾಧನೆಯನ್ನು ಯಾರು ನಡಿಸುತ್ತಿದ್ದರು, ಸಭಾಧ್ಯಕ್ಷರೂ ಹಿರಿಯರೂ ಸಭಾಸೇವಕರೂ ಅದರಲ್ಲಿ ಏನು ಮಾಡುತ್ತಿದ್ದರು, ಜನರು ಏನು ಮಾಡುತ್ತಿದ್ದರು ಎಂಬುದನ್ನು ವಿಚಾರಿಸಿ ನೋಡಿದರೆ ಇದಕ್ಕೆ ತಕ್ಕ ಉತ್ತರ ಸಿಗುವುದೆಂದು ನಾವು ನಂಬಿದ್ದೇವೆ. ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸುವ ಹಿಂದೂ ಮತ್ತು ಮುಸಲ್ಮಾನ ರಕ್ಷಕರು ಇದು ತಮ್ಮದಲ್ಲದ ವಿಷಯವೆಂದು ಪುಟ ಮಗುಚಬಾರದಾಗಿ ಬೇಡುತ್ತೇವೆ. ದೀಪ ಹಚ್ಚುವ ಹೊತ್ತಿನಲ್ಲಿ ಮನೆಯೊಳಗೆ ದೇವರ ಹೆಸರನ್ನು ಯಾರು ಎತ್ತಬೇಕೆಂಬುದು ಎಲ್ಲ ಮನೆಗಳ ಪ್ರಶ್ನೆಯಷ್ಟೆ.

ಅಪೊಸ್ತಲರ ಕಾಲದಲ್ಲಿ ಪ್ರಾರ್ಥನೆಗೆ ಹೊತ್ತುಗಳಿದ್ದವು. ಪೇತ್ರನೂ ಯೋಹಾನನೂ ಒಂಬತ್ತನೆಯ ತಾಸಿನಲ್ಲಿ, ಅಂದರೆ ನಮ್ಮ ಮಧ್ಯಾಹ್ನದ ಮೂರು ಗಂಟೆಗೆ, ದೇವಾಲಯಕ್ಕೆ ಹೋದರೆಂದೂ, ಪೇತ್ರನು ಯೊಪ್ಪದಲ್ಲಿ ನಡುಹಗಲು ಮಾಳಿಗೆಯ ಮೇಲೆ ಪ್ರಾರ್ಥಿಸಿದನೆಂದೂ ಅಪೊಸ್ತಲರ ಕೃತ್ಯಗಳಲ್ಲಿ ನೋಡುತ್ತೇವೆ. ಅವರ ಬಳಿಕ ಹುಟ್ಟಿದ ಅತಿ ಹಳೆಯ ಸಭಾನಿಯಮಗಳ ಪುಸ್ತಕವಾದ ದಿದಖೆಯು ಕರ್ತನು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರಾವರ್ತಿ ಹೇಳಬೇಕೆಂದು ವಿಧಿಸುತ್ತದೆ. ಈ ಅಪ್ಪಣೆ ಸಭಾಧ್ಯಕ್ಷರಿಗೆ ಮಾತ್ರ ಆದುದಲ್ಲ, ವಿಶ್ವಾಸಿಗಳೆಲ್ಲರಿಗೂ ಆದುದು. ಅದೇ ಪುಸ್ತಕದಲ್ಲಿ ಸಭಾಧ್ಯಕ್ಷರನ್ನೂ ಸಭಾಸೇವಕರನ್ನೂ ಸಭೆಯವರೇ ಆರಿಸಿಕೊಳ್ಳಬೇಕೆಂಬ ವಿಧಿಯೂ ಉಂಟು. ಆದರೆ ಮೂರು ಹೊತ್ತಿನ ಪ್ರಾರ್ಥನೆಗೆ ಅವರು ಬಂದು ನಿಲ್ಲಬೇಕೆಂದು ಎಲ್ಲಿಯೂ ಹೇಳಿಲ್ಲ.

ಕಾರ್ಥೇಜಿನ ತೆರ್ತುಲ್ಲಿಯನನು ಸುಮಾರು 200ನೇ ಇಸವಿಯಲ್ಲಿ ಬರೆದ ಪತ್ರಗಳಲ್ಲಿ ನಮ್ಮ ವಿದ್ಯಾರ್ಥಿನಿಯರು ಗಮನಿಸತಕ್ಕ ಒಂದು ಚಿತ್ರವಿದೆ. ಅನ್ಯಮತದ ಗಂಡನಿರುವ ಕ್ರೈಸ್ತ ಹೆಂಡತಿಯು ಮಲಗುವಾಗ ಹಾಸಿಗೆಯ ಮೇಲೆ ಶಿಲುಬೆಯ ಗುರುತು ಮಾಡುವುದನ್ನೂ ನಡುರಾತ್ರಿಯಲ್ಲಿ ಎದ್ದು ಪ್ರಾರ್ಥಿಸುವುದನ್ನೂ ಗಂಡನಿಗೆ ತಿಳಿಯದಂತೆ ಹೇಗೆ ಮಾಡಿಯಾಳು ಎಂದು ಅವನು ಕೇಳುತ್ತಾನೆ. ಅಂಥ ಮದುವೆ ಬೇಡವೆಂದು ವಾದಿಸುವುದಕ್ಕೆ ಅವನು ಅದನ್ನು ಬರೆದನು. ಆ ವಾದ ಹಾಗಿರಲಿ. ನಾವು ನೋಡತಕ್ಕದ್ದು ಇಷ್ಟೆ: ಹೆಂಗಸೊಬ್ಬಳು ತನ್ನ ಮನೆಯಲ್ಲಿ, ಯಾವ ಹಿರಿಯನೂ ಇಲ್ಲದೆ, ಕತ್ತಲಲ್ಲಿ ಎದ್ದು ನಿತ್ಯ ಪ್ರಾರ್ಥನೆಯನ್ನು ನೆರವೇರಿಸುವುದು ಅವನಿಗೆ ಸಾಮಾನ್ಯ ಸಂಗತಿಯಾಗಿತ್ತು.

ಹಾಗಾದರೆ ಸಭೆಯ ಅಧಿಕಾರಿಗಳಿಗೆ ನಿತ್ಯದ ಕೆಲಸವಿರಲಿಲ್ಲವೋ? ಇತ್ತು, ಕ್ರಮವಾಗಿಯೂ ಇತ್ತು. ರೋಮಿನ ಹಿಪ್ಪೊಲಿತನದೆಂದು ಬಹುಕಾಲ ಎಣಿಸಲ್ಪಟ್ಟ, ಈಗ ಪಂಡಿತರು ಕರ್ತೃವಿನ ವಿಷಯದಲ್ಲಿ ಒಮ್ಮತರಾಗದ ‘ಅಪೊಸ್ತಲಿಕ ಸಂಪ್ರದಾಯ’ವೆಂಬ ಪುಸ್ತಕವು ಇದನ್ನು ತಿಳಿಸುತ್ತದೆ. ಹಿರಿಯರೂ ಸಭಾಸೇವಕರೂ ದಿನಾಲೂ ಬೆಳಿಗ್ಗೆ ಸಭಾಧ್ಯಕ್ಷನು ಗೊತ್ತುಮಾಡಿದ ಸ್ಥಳದಲ್ಲಿ ಕೂಡಬೇಕು, ಕೂಡಿದವರಿಗೆ ಬೋಧಿಸಿ ಪ್ರಾರ್ಥಿಸಿದ ಮೇಲೆ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕು. ಸಭಾಸೇವಕರು ಕಾಯಿಲೆ ಬಿದ್ದವರು ಯಾರೆಂಬುದನ್ನು ಸಭಾಧ್ಯಕ್ಷನಿಗೆ ತಿಳಿಸಬೇಕು. ಬೋಧನೆಯಿರುವ ದಿನ ವಿಶ್ವಾಸಿಗಳು ಅಲ್ಲಿಗೆ ಹೋಗುವುದು ಒಳ್ಳೇದು. ಬೋಧನೆಯಿಲ್ಲದ ದಿನ ಮನೆಯಲ್ಲಿಯೇ ಪವಿತ್ರ ಪುಸ್ತಕವನ್ನು ಕೈಗೆತ್ತಿಕೊಂಡು ಓದಬೇಕು. ಸಂಜೆ ಒಟ್ಟಾಗಿ ಊಟಮಾಡುವಾಗ ಸಭಾಸೇವಕನು ದೀಪವನ್ನು ತರುತ್ತಾನೆ, ಸಭಾಧ್ಯಕ್ಷನು ಆ ಬೆಳಕಿಗಾಗಿ ಸ್ತೋತ್ರ ಹೇಳುತ್ತಾನೆ. ಬೋಧಕನಿಲ್ಲದ ದಿನ ಪ್ರಾರ್ಥನೆಯಿಲ್ಲದ ದಿನವಾಗದೆ ಮನೆಯಲ್ಲಿ ಓದುವ ದಿನವಾಗುತ್ತಿತ್ತೆಂಬುದನ್ನು ನಮ್ಮ ಸಭೆಯವರು ಚೆನ್ನಾಗಿ ನೋಡಬೇಕು.

ಅಧಿಕಾರಿಗಳ ಸಂಖ್ಯೆಯೂ ಅಲ್ಪವಾಗಿರಲಿಲ್ಲ. 251ನೇ ಇಸವಿಯಲ್ಲಿ ರೋಮಿನ ಸಭಾಧ್ಯಕ್ಷನಾದ ಕೊರ್ನೇಲಿಯನು ಅಂತಿಯೋಕ್ಯದ ಸಭಾಧ್ಯಕ್ಷನಿಗೆ ಬರೆದ ಪತ್ರದಲ್ಲಿ ತನ್ನ ಸಭೆಯ ಲೆಕ್ಕವನ್ನು ಕೊಟ್ಟಿದ್ದಾನೆ: ಹಿರಿಯರು 46, ಸಭಾಸೇವಕರು 7, ಉಪಸೇವಕರು 7, ಇವರಿಗೆ ಕೈನೆರವಾಗುವವರು 42, ಭೂತ ಬಿಡಿಸುವವರೂ ಪಾಠಕರೂ ದ್ವಾರಪಾಲಕರೂ ಸೇರಿ 52; ಸಭೆಯು ಸಾಕುತ್ತಿದ್ದ ವಿಧವೆಯರೂ ದಿಕ್ಕಿಲ್ಲದವರೂ 1500ಕ್ಕೂ ಹೆಚ್ಚು. ನಮ್ಮ ಸಭೆಗಳ ವಾರ್ಷಿಕ ವರದಿಗಳಲ್ಲಿ ಕಟ್ಟಡದ ವೆಚ್ಚವು ಮೊದಲು ಬರುತ್ತದೆ. ಕೊರ್ನೇಲಿಯನು ಕಟ್ಟಡದ ಮಾತೇ ಎತ್ತಲಿಲ್ಲ. ಬಾಗಿಲು ಕಾಯುವವನು ಕೂಡ ಅವನ ಪಟ್ಟಿಯಲ್ಲಿ ಸಭೆಯ ಅಧಿಕಾರಿಯೇ.

ಇನ್ನು ನಾಲ್ಕನೆಯ ಶತಮಾನಕ್ಕೆ ಬರೋಣ. ಇಲ್ಲಿ ನಮಗೆ ದಾರಿ ತೋರಿಸುವವಳು ಒಬ್ಬ ಹೆಂಗಸು. ಆಕೆಯ ಹೆಸರು ಏಗೇರಿಯಾ. ಪಶ್ಚಿಮ ದೇಶದಿಂದ ಹೊರಟು 381ರಿಂದ 384ರ ತನಕ ಪೂರ್ವ ದೇಶಗಳಲ್ಲಿ ಯಾತ್ರೆಮಾಡಿ, ತಾನು ಕಂಡುದನ್ನೆಲ್ಲ ತನ್ನ ಊರಿನ ಸಹೋದರಿಯರಿಗೆ ಪತ್ರರೂಪವಾಗಿ ಬರೆದಳು. ಆ ಬರಹದ ಪ್ರತಿಯೊಂದು, ಮೊದಲೂ ಕೊನೆಯೂ ಇಲ್ಲದ ಸ್ಥಿತಿಯಲ್ಲಿ, 1884ರಲ್ಲಿ ಇತಾಲಿಯ ಅರೆಚ್ಚೊ ನಗರದಲ್ಲಿ ದೊರಕಿತು. ಯೆರೂಸಲೇಮಿನಲ್ಲಿ ಕರ್ತನ ಪುನರುತ್ಥಾನದ ಸ್ಥಳದಲ್ಲಿ ಕಟ್ಟಿದ ಆಲಯದ ನಿತ್ಯಾರಾಧನೆಯನ್ನು ಆಕೆಯಷ್ಟು ಸ್ಪಷ್ಟವಾಗಿ ಹೇಳಿದವರು ಬೇರೊಬ್ಬರಿಲ್ಲ. ಯಾರು ಎಲ್ಲಿ ನಿಂತರು, ಯಾರು ಮೊದಲು ಬಾಯಿ ತೆರೆದರು, ಬೆಳಕನ್ನು ಎಲ್ಲಿಂದ ತಂದರು ಎಂಬುದನ್ನೆಲ್ಲ ಆಕೆ ಬಿಡದೆ ನೋಡಿದಳು. ಶಾಲೆಯ ಹುಡುಗಿಯರಿಗೆ ಪತ್ರಲೇಖನ ಕಲಿಸುವಾಗ ಆಕೆಯನ್ನು ಮಾದರಿಯಾಗಿ ಇಡಬಹುದೆಂದು ನಮಗೆ ತೋರುತ್ತದೆ.

ಕೋಳಿ ಕೂಗುವುದಕ್ಕೆ ಮೊದಲೇ ಆಲಯದ ಬಾಗಿಲುಗಳನ್ನು ತೆರೆಯುತ್ತಾರೆ. ಸನ್ಯಾಸಿಗಳೂ ಕನ್ಯೆಯರೂ ಇಳಿದು ಬರುತ್ತಾರೆ. ಅವರೊಂದಿಗೆ ಮನಸ್ಸುಳ್ಳ ಗೃಹಸ್ಥರೂ ಗೃಹಿಣಿಯರೂ ಬರುತ್ತಾರೆ. ಬೆಳಕು ಹರಿಯುವ ತನಕ ಕೀರ್ತನೆಗಳನ್ನು ಹಾಡುತ್ತಾ ಪ್ರತಿಯಾಗಿ ಹಾಡುತ್ತಾ ಇರುತ್ತಾರೆ. ಹಾಡುವುದು ಜನರ ಕೆಲಸ. ಒಂದೊಂದು ಹಾಡಿನ ಕೊನೆಯಲ್ಲಿ ಪ್ರಾರ್ಥನೆ ಮಾಡುವುದಕ್ಕೆ ಮಾತ್ರ ಇಬ್ಬರು ಮೂವರು ಹಿರಿಯರೂ ಅಷ್ಟೇ ಮಂದಿ ಸಭಾಸೇವಕರೂ ದಿನಕ್ಕಿಷ್ಟು ಜನರಂತೆ ಸರದಿಯಿಂದ ಬರುತ್ತಾರೆ. ಎಲ್ಲರೂ ಎಲ್ಲ ದಿನವೂ ಅಲ್ಲ, ಸರದಿಯಿಂದ. ಸಭಾಧ್ಯಕ್ಷನು ಇನ್ನೂ ಬಂದಿಲ್ಲ! ಬೆಳಕು ಮೂಡಿ ಬೆಳಗಿನ ಕೀರ್ತನೆಗಳು ಪ್ರಾರಂಭವಾದ ಮೇಲೆ ಅವನು ತನ್ನವರೊಂದಿಗೆ ಬಂದು ನೇರವಾಗಿ ಗವಿಯೊಳಕ್ಕೆ ಹೋಗುತ್ತಾನೆ. ಕಟಕಟೆಯ ಒಳಗಿನಿಂದ ಎಲ್ಲರಿಗೋಸ್ಕರ ಪ್ರಾರ್ಥಿಸುತ್ತಾನೆ, ನೆನಸಬೇಕಾದವರ ಹೆಸರುಗಳನ್ನು ಹೇಳುತ್ತಾನೆ, ದೀಕ್ಷಾಸ್ನಾನಕ್ಕೆ ಸಿದ್ಧರಾಗುತ್ತಿರುವವರನ್ನು ಆಶೀರ್ವದಿಸುತ್ತಾನೆ, ಬಳಿಕ ವಿಶ್ವಾಸಿಗಳನ್ನು ಆಶೀರ್ವದಿಸುತ್ತಾನೆ. ಹೊರಗೆ ಬಂದಾಗ ಜನರು ಒಬ್ಬೊಬ್ಬರಾಗಿ ಅವನ ಕೈಯ ಬಳಿಗೆ ಬರುತ್ತಾರೆ.

ಸಾಯಂಕಾಲದ ಆರಾಧನೆಯು ಇನ್ನೂ ಸುಂದರವಾದದ್ದು. ಹತ್ತನೆಯ ತಾಸಿನಲ್ಲಿ, ಅಂದರೆ ಸುಮಾರು ನಾಲ್ಕು ಗಂಟೆಗೆ, ಜನರೆಲ್ಲರೂ ಕೂಡುತ್ತಾರೆ. ದೀಪಗಳನ್ನೂ ಮೇಣದ ಬತ್ತಿಗಳನ್ನೂ ಹಚ್ಚುವ ಬೆಂಕಿಯನ್ನು ಹೊರಗಿನಿಂದ ತರುವುದಿಲ್ಲ. ಗವಿಯೊಳಗೆ ಹಗಲೂ ರಾತ್ರಿಯೂ ಆರದೆ ಉರಿಯುವ ಒಂದು ದೀಪವಿದೆ, ಅದರಿಂದಲೇ ತರುತ್ತಾರೆ. ದೀಪದ ಕೀರ್ತನೆಗಳು ಬಹಳ ಹೊತ್ತು ನಡೆಯುತ್ತವೆ. ಸಭಾಧ್ಯಕ್ಷನಿಗೆ ಹೇಳಿ ಕಳುಹಿಸಿದ ಮೇಲೆ ಅವನು ಬಂದು ಕುಳಿತುಕೊಳ್ಳುತ್ತಾನೆ, ಹಿರಿಯರೂ ಕುಳಿತುಕೊಳ್ಳುತ್ತಾರೆ; ಹಾಡು ಮಾತ್ರ ನಿಲ್ಲುವುದಿಲ್ಲ. ಅದು ಮುಗಿದ ಮೇಲೆ ಸಭಾಸೇವಕನೊಬ್ಬನು ಒಬ್ಬೊಬ್ಬರ ಹೆಸರನ್ನು ಕೂಗುತ್ತಾನೆ. ಪ್ರತಿ ಹೆಸರಿಗೂ ಅಲ್ಲಿ ನಿಂತಿರುವ ಲೆಕ್ಕವಿಲ್ಲದಷ್ಟು ಮಕ್ಕಳು ‘ಕೀರಿಯೆ ಎಲೆಯಿಸೋನ್’ ಎಂದು ಕರ್ತನ ಕರುಣೆಯನ್ನು ಬೇಡುತ್ತಾರೆ. ಅವರ ಸ್ವರಕ್ಕೆ ಮಿತಿಯಿರಲಿಲ್ಲವೆಂದು ಏಗೇರಿಯಾ ಬರೆಯುತ್ತಾಳೆ. ಇದನ್ನು ಓದಿದಾಗ ನಮಗೆ ಶಾಲೆಯ ಅಂಗಳವೇ ಕಿವಿಗೆ ಬಂದಂತಾಯಿತು.

ಅಲ್ಲಿಯ ಇನ್ನೊಂದು ಪದ್ಧತಿಯೂ ನಮ್ಮ ಊರಿಗೆ ಒಪ್ಪುವಂಥದ್ದು. ಸಭಾಧ್ಯಕ್ಷನು ಸುರಿಯಾನಿ ಭಾಷೆಯನ್ನು ಬಲ್ಲವನಾದರೂ ಸಭೆಯಲ್ಲಿ ಗ್ರೀಕಿನಲ್ಲಿಯೇ ಮಾತನಾಡುತ್ತಿದ್ದನು; ಒಬ್ಬ ಹಿರಿಯನು ಪಕ್ಕದಲ್ಲಿ ನಿಂತು ಸುರಿಯಾನಿಯಲ್ಲಿ ತಿಳಿಸುತ್ತಿದ್ದನು. ಎರಡೂ ತಿಳಿಯದೆ ಲತೀನ್ ಮಾತ್ರ ಬಲ್ಲವರಿಗೆ, ಎರಡು ಭಾಷೆ ಬಲ್ಲ ಸಹೋದರರೂ ಸಹೋದರಿಯರೂ ಅರ್ಥ ಹೇಳುತ್ತಿದ್ದರು. ಸಹೋದರಿಯರೂ ಎಂದು ಆಕೆ ಸ್ಪಷ್ಟವಾಗಿ ಬರೆದಿದ್ದಾಳೆ. ಒಂದೇ ಬೆಂಚಿನಲ್ಲಿ ಕೊಂಕಣಿ, ತುಳು, ಕುಂದಾಪುರದ ಕನ್ನಡ ಮೂರನ್ನೂ ಕೇಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಸಂಗತಿಗಳಿಂದ ಆದಿ ಸಭೆಯ ಕ್ರಮವು ನಮಗೆ ತಿಳಿಯುತ್ತದೆ. ನಮ್ಮ ಕಡಲತೀರದ ಭಜನಾ ಮಂದಿರಗಳಲ್ಲಿ ಒಬ್ಬರು ಸೊಲ್ಲು ಎತ್ತಿಕೊಡುತ್ತಾರೆ, ಕುಳಿತವರೆಲ್ಲರೂ ಅದನ್ನು ಮರಳಿ ಹಾಡುತ್ತಾರೆ, ತಾಳವು ಎಲ್ಲರ ಕೈಯಲ್ಲಿರುತ್ತದೆ. ಎತ್ತಿಕೊಟ್ಟವರು ಸುಮ್ಮನಾದರೂ ಭಜನೆ ನಿಲ್ಲುವುದಿಲ್ಲ, ಮತ್ತೊಬ್ಬರು ಎತ್ತುತ್ತಾರೆ. ಆದಿ ಸಭೆಯ ಕೀರ್ತನೆಗಳನ್ನು ಹೀಗೆಯೇ ಹಾಡುತ್ತಿದ್ದರು. ಸುಮಾರು 380ರಲ್ಲಿ ಸಿರಿಯಾ ದೇಶದಲ್ಲಿ ಕೂಡಿಸಲ್ಪಟ್ಟ ‘ಅಪೊಸ್ತಲಿಕ ವಿಧಿಗಳು’ ಎಂಬ ಗ್ರಂಥವು ಜನರು ಪ್ರತಿದಿನ ಬೆಳಿಗ್ಗೆಯೂ ಸಂಜೆಯೂ ಸಭೆಗೆ ಬರುವಂತೆ ಬುದ್ಧಿಹೇಳಬೇಕೆಂದು ಸಭಾಧ್ಯಕ್ಷನಿಗೆ ಆಜ್ಞಾಪಿಸುತ್ತದೆ. ನಮ್ಮ ಸತ್ಯವೇದದ ಎಣಿಕೆಯಲ್ಲಿ 63ನೆಯ ಕೀರ್ತನೆಯು ಬೆಳಗಿನದು, 141ನೆಯದು ಸಂಜೆಯದು. ದಿನವೂ ಅದೇ ಅದೇ ಕೀರ್ತನೆಯಾದುದರಿಂದ ಅಕ್ಷರವರಿಯದವರಿಗೂ ಬಾಯಿಪಾಠವಾಗುತ್ತಿತ್ತು. ಮುಸ್ಸಂಜೆ ಹೊತ್ತು ಕೈಕಾಲು ತೊಳೆದು ದೀಪದ ಮುಂದೆ ಕುಳಿತು ವಾರ, ತಿಥಿ, ನಕ್ಷತ್ರ, ಮಗ್ಗಿಗಳನ್ನು ಹೇಳಿ ಬೆಳೆದ ಅಜ್ಜಿಯಂದಿರಿಗೆ ಈ ಉಪಾಯದ ಬಲವು ಗೊತ್ತುಂಟು.

ಸಭಾಸೇವೆಯಲ್ಲಿ ಹೆಂಗಸರ ಪಾಲನ್ನು ಕುರಿತು ನಾಲ್ಕು ಮಾತು ಹೆಚ್ಚಾಗಿ ಹೇಳಿದರೆ ಹುಡುಗಿಯರ ಶಾಲೆಯ ಸಂಚಿಕೆಯಲ್ಲಿ ತಪ್ಪಾಗಲಾರದು. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆಯನ್ನು ಹೆಸರೆತ್ತಿ ಹೊಗಳಿದ್ದಾನೆ. ಸುಮಾರು 112ರಲ್ಲಿ ಬಿಥೂನ್ಯದ ಅಧಿಪತಿಯಾದ ಪ್ಲಿನಿಯು ಕ್ರೈಸ್ತರ ಗುಟ್ಟನ್ನು ತಿಳಿಯಬೇಕೆಂದು ಸಭಾಸೇವಕಿಯರೆನಿಸಿಕೊಂಡ ಇಬ್ಬರು ದಾಸಿಯರನ್ನು ಹಿಂಸೆಪಡಿಸಿದನೆಂದು ಚಕ್ರವರ್ತಿಗೆ ತಾನೇ ಬರೆದನು. ಸಭೆಯ ಕ್ರಮವನ್ನು ತಿಳಿಯುವುದಕ್ಕೆ ಅಧಿಪತಿಯು ಇವರನ್ನೇ ಹಿಡಿತರಿಸಿದನಲ್ಲವೇ? ಮೂರನೆಯ ಶತಮಾನದ ಸಿರಿಯಾ ದೇಶದ ‘ದಿದಸ್ಕಾಲಿಯಾ’ ಎಂಬ ಗ್ರಂಥವು ಗಂಡಸಾದ ಸೇವಕನನ್ನು ಕಳುಹಿಸಲಾಗದ ಮನೆಗಳಿಗೆ ಸೇವಕಿಯನ್ನು ಕಳುಹಿಸಬೇಕು, ಸ್ತ್ರೀಯರ ದೀಕ್ಷಾಸ್ನಾನದಲ್ಲಿ ಆಕೆ ನೆರವಾಗಬೇಕು, ಕಾಯಿಲೆಯ ಹೆಂಗಸರನ್ನು ಆಕೆ ನೋಡಿಕೊಳ್ಳಬೇಕು ಎಂದು ಹೇಳುತ್ತದೆ. ಮಿಷನಿನ ಕಾಲದಲ್ಲಿ ಚೀಲದಲ್ಲಿ ಪುಸ್ತಕವಿಟ್ಟುಕೊಂಡು ಒಳಮನೆಗಳಿಗೆ ಹೋಗಿ ಹೆಂಗಸರಿಗೆ ಓದು ಕಲಿಸುತ್ತಿದ್ದ ಸತ್ಯವೇದ ಸ್ತ್ರೀಯರು ಅದೇ ಕೆಲಸವನ್ನು ಮಾಡಿದರು. ಅವರನ್ನು ಸಭಾಸೇವಕಿಯರೆಂದು ಯಾರೂ ಕರೆಯಲಿಲ್ಲ, ಸಂಬಳವೂ ಅಲ್ಪವಾಗಿತ್ತು.

ಹೀಗಿದ್ದ ನಿತ್ಯಾರಾಧನೆಯು ಜನರ ಕೈಯಿಂದ ಹೇಗೆ ಜಾರಿತು? ಒಂದೇ ದಿನದಲ್ಲಿ ಜಾರಲಿಲ್ಲ, ಯಾರೋ ದುಷ್ಟರು ಕಸುಕೊಂಡದ್ದೂ ಅಲ್ಲ. ನಾಲ್ಕನೆಯ ಶತಮಾನದಲ್ಲಿ ಫ್ರುಗ್ಯದ ಲವೊದಿಕೀಯದಲ್ಲಿ ಕೂಡಿದ ಸಭಾಪರಿಷತ್ತು, ಪೀಠವನ್ನೇರಿ ಪುಸ್ತಕ ನೋಡಿ ಹಾಡುವ ನೇಮಕವಾದ ಗಾಯಕರ ಹೊರತು ಬೇರೆಯವರು ಸಭೆಯಲ್ಲಿ ಹಾಡಬಾರದೆಂದು ವಿಧಿಸಿತು. ಅಪಸ್ವರವನ್ನು ತಡೆಯುವುದಕ್ಕೆ ಇದನ್ನು ಮಾಡಿರಬಹುದು. ಅದೇ ಪರಿಷತ್ತು ಸ್ತ್ರೀಯರನ್ನು ಹಿರಿಯರಾಗಿ ನೇಮಿಸಬಾರದೆಂದೂ ಅವರು ಯಜ್ಞವೇದಿಯ ಬಳಿಗೆ ಹೋಗಬಾರದೆಂದೂ ಹೇಳಿತು. ಆದರೂ ಜನರು ಕೂಡಲೇ ಸುಮ್ಮನಾಗಲಿಲ್ಲ. ಕ್ರಿಸೊಸ್ತೊಮನು ಕಾನ್‌ಸ್ಟಾಂಟಿನೋಪಲಿನಲ್ಲಿ ಸುಮಾರು 400ರಲ್ಲಿ ಉಪದೇಶ ಮಾಡುತ್ತಾ, ಗಂಡಹೆಂಡಿರು ರಾತ್ರಿಯಲ್ಲಿ ಎದ್ದು ಪ್ರಾರ್ಥಿಸಿ ಮಕ್ಕಳನ್ನೂ ಎಬ್ಬಿಸಿ ಮನೆಯನ್ನೇ ಸಭೆಯಾಗಿ ಮಾಡಬೇಕೆಂದು ಬುದ್ಧಿಹೇಳಿದನು. 528ರಲ್ಲಿ ಚಕ್ರವರ್ತಿಯಾದ ಜಸ್ಟಿನಿಯನನು ಕೊಟ್ಟ ಕಾನೂನು ಇನ್ನೂ ವಿಚಿತ್ರವಾದದ್ದು: ಆಲಯಕ್ಕೆ ನೇಮಕವಾದವರು ತಾವೇ ರಾತ್ರಿಯ, ಬೆಳಗಿನ ಮತ್ತು ಸಂಜೆಯ ಕೀರ್ತನೆಗಳನ್ನು ಹಾಡಬೇಕು, ಸಾಮಾನ್ಯ ಜನರು ಆಸಕ್ತಿಯಿಂದ ಬಂದು ಹಾಡುತ್ತಿರುವಾಗ ಅದಕ್ಕಾಗಿಯೇ ನೇಮಕವಾದವರು ತಪ್ಪಿಸಿಕೊಳ್ಳುವುದು ನಾಚಿಕೆಗೇಡು. ಅಂದರೆ ಆ ಕಾಲದಲ್ಲಿ ಬಾರದವರು ಅಯ್ಯನವರು, ಬಂದವರು ಜನರು! 535ರಲ್ಲಿ ಅದೇ ಚಕ್ರವರ್ತಿಯು ರಾಜಧಾನಿಯ ಮಹಾಲಯದಲ್ಲಿ ಖರ್ಚು ಮಿತಿಮೀರಿದ್ದರಿಂದ ಸೇವಕರ ಸಂಖ್ಯೆಗೆ ಮಿತಿ ಹಾಕಿದನು: ಹಿರಿಯರು 60, ಸಭಾಸೇವಕರು 100, ಸಭಾಸೇವಕಿಯರು 40, ಉಪಸೇವಕರು 90, ಪಾಠಕರು 110, ಗಾಯಕರು 25. ಇದು ಕಡಮೆ ಮಾಡಿದ ಮೇಲಿನ ಲೆಕ್ಕ. ಸಂಬಳದವರು ಇಷ್ಟು ಮಂದಿ ನಿಂತು ಹಾಡುವಲ್ಲಿ ಬಡಗಿಯೂ ಮೀನುಗಾರನೂ ತನ್ನ ಸ್ವರವೇಕೆ ಬೇಕೆಂದುಕೊಂಡರೆ ಆಶ್ಚರ್ಯವೇನು? ಪಶ್ಚಿಮದಲ್ಲಿ ಜನರ ಮಾತು ಬದಲಾಗಿ ಲತೀನ್ ತಿಳಿಯದೆ ಹೋದಾಗ ನಿತ್ಯ ಪ್ರಾರ್ಥನೆಯು ಪೂರ್ತಿಯಾಗಿ ಗುರುಗಳ ಮತ್ತು ಮಠಗಳ ಪಾಲಾಯಿತು.

ನಮ್ಮ ನಾಡಿನಲ್ಲಿ ಇದರ ಮರುಪರೀಕ್ಷೆಯೂ ಆಯಿತು. 1681ರಿಂದ 1684ರ ತನಕ ಕೆನರಾ ಪ್ರಾಂತದಲ್ಲಿ, ನಮ್ಮ ಕುಂದಾಪುರ, ಗಂಗೊಳ್ಳಿಗಳ ಕಡೆಯಲ್ಲಿಯೂ, ದುಡಿದ ಗೋವೆಯ ಜೋಸೆಫ್ ವಾಜ್ ಪಾದ್ರಿಯವರು 1687ರಲ್ಲಿ ಸಿಂಹಳಕ್ಕೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಗುರುಗಳಿಲ್ಲದ ಊರುಗಳಲ್ಲಿ ಪ್ರಾರ್ಥನೆಯನ್ನು ನಡಿಸುವುದಕ್ಕೂ ಮಕ್ಕಳಿಗೆ ಕಲಿಸುವುದಕ್ಕೂ ಗೃಹಸ್ಥರಾದ ಮೂಪ್ಪರನ್ನೂ ಅಣ್ಣಾವಿಗಳನ್ನೂ ಅವರು ನಿಲ್ಲಿಸಿದರು. ಸಭೆಯು ಹೀಗೆ ಉಳಿಯಿತು. 2015ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಗೋವೆಯ ಪಾದ್ರಿಗಳನ್ನು ಹೊರಗಟ್ಟಿದಾಗ, 1799ರ ತನಕ, ಹದಿನೈದು ವರುಷ, ಆ ಜನರು ಇಗರ್ಜಿಯೂ ಗುರುಗಳೂ ಇಲ್ಲದೆ ತಮ್ಮ ವಿಶ್ವಾಸವನ್ನು ಬಾಯಿಯಲ್ಲಿಯೂ ಮನೆಯಲ್ಲಿಯೂ ಕಾಪಾಡಬೇಕಾಯಿತು. ಉಳಿದು ಮರಳಿದವರು ಇಗರ್ಜಿಗಳನ್ನು ಪುನಃ ಕಟ್ಟಿದರು. ಇಂದಿಗೂ ನಮ್ಮ ಕಥೋಲಿಕ ಮನೆಗಳಲ್ಲಿ ಸಂಜೆಯ ತೇರ್ಸನ್ನು ಎತ್ತಿಕೊಡುವವಳು ಹೆಚ್ಚಾಗಿ ಮನೆಯ ಹಿರಿಯ ಹೆಂಗಸು. ವಾಡೆಯ ಗುರ್ಕಾರನು ಗೃಹಸ್ಥನು.

ದಕ್ಷಿಣಕ್ಕೆ ಬ್ರಹ್ಮಾವರದಲ್ಲಿ ಇನ್ನೊಂದು ನಿದರ್ಶನವಿದೆ. 1889ರಲ್ಲಿ ಕೊಟ್ಟಾಯದಲ್ಲಿ ಅಭಿಷೇಕ ಹೊಂದಿದ ಆಲ್ವಾರಿಸ್ ಮಾರ್ ಜೂಲಿಯಸರ ಮತ್ತು ನೊರೋನ್ಹಾ ಪಾದ್ರಿಯವರ ಕಾಲದಿಂದ ಅಲ್ಲಿ ಮಲಂಕರ ಸಭೆಗೆ ಸೇರಿದ ಕೊಂಕಣಿ ಕುಟುಂಬಗಳಿವೆ. ಆ ಮಲಂಕರ ಸಭೆಯಲ್ಲಿ ದಿನಕ್ಕೆ ಏಳು ಹೊತ್ತಿನ ಪ್ರಾರ್ಥನೆಯ ಪುಸ್ತಕವೊಂದು ಉಂಟು. ಅದರ ಹೆಸರು ಶ್ಹೀಮೋ, ಅಂದರೆ ಸಾದಾ ಎಂದರ್ಥ. ಗುರುಗಳಿಗೊಂದು, ಗೃಹಸ್ಥರಿಗೊಂದು ಎಂಬ ಭೇದವಿಲ್ಲದೆ ಕೇರಳದ ಮನೆಗಳಲ್ಲಿ ಸಂಜೆ ಅದನ್ನು ಬಿಡಿಸುತ್ತಾರೆ.

ಈ ಮಾತಿಗೆ ಬರುವ ಆಕ್ಷೇಪವು ನಮಗೆ ಗೊತ್ತು. ಎಲ್ಲರೂ ನಡಿಸತೊಡಗಿದರ ಕ್ರಮ ಕೆಡುವುದಿಲ್ಲವೇ, ಇಂದು ಪ್ರಾರ್ಥನೆ ನಡಿಸಿದವನು ನಾಳೆ ಬೇರೆ ಸಭೆ ಕಟ್ಟುವುದಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಅಂಥದ್ದನ್ನು ಕಂಡವರೇ ಕೇಳುವುದರಿಂದ ಇದು ಹಗುರಾದ ಮಾತಲ್ಲ. ಆದರೆ ಯೆರೂಸಲೇಮಿನ ಆಲಯದಲ್ಲಿ ಕ್ರಮ ಕಡಮೆಯಾಗಿತ್ತೋ? ಪ್ರತಿಯೊಬ್ಬನಿಗೂ ಸ್ಥಾನವಿತ್ತು, ಆದುದರಿಂದಲೇ ಎಲ್ಲರಿಗೂ ಸ್ವರವಿತ್ತು. ಪವಿತ್ರ ಭೋಜನವನ್ನು ನಡಿಸುವ ಅಧಿಕಾರವನ್ನು ನಾವು ಯಾರಿಗೂ ಹಂಚಿಕೊಡುವವರಲ್ಲ. ನಮ್ಮ ಮಾತು ದಿನದಿನದ ಓದು, ಹಾಡು, ಬೇಡಿಕೆಗಳನ್ನು ಕುರಿತದ್ದು. ಸಭಾಪಾಲಕರ ಪಾಲು ಇದರಿಂದ ಕುಂದುವುದೂ ಇಲ್ಲ. ಹೆಸರು ಹಿಡಿದು ಜನರನ್ನು ನೆನಸುವುದು, ಕಾಯಿಲೆಯವರ ಸುದ್ದಿ ತಿಳಿಯುವುದು, ಕೊನೆಯಲ್ಲಿ ಆಶೀರ್ವದಿಸುವುದು, ಹೊರಗೆ ನಿಂತು ಪ್ರತಿಯೊಬ್ಬರ ಕೈಹಿಡಿಯುವುದು ಇವು ಆದಿ ಸಭೆಯಲ್ಲಿ ಅಧ್ಯಕ್ಷನ ಕೆಲಸಗಳಾಗಿದ್ದವು. ಈಗ ಮೂರು ನಾಲ್ಕು ಊರುಗಳ ಪಾಲಕರು ಓದುವವರೂ ತಾವೇ, ಹಾಡು ಎತ್ತುವವರೂ ತಾವೇ, ಬಾಗಿಲು ತೆರೆಯುವವರೂ ತಾವೇ ಆಗಿ, ಜನರ ಹೆಸರು ಕಲಿಯುವುದಕ್ಕೆ ಮಾತ್ರ ಸಮಯವಿಲ್ಲದೆ ಬಳಲುತ್ತಾರೆ. ಇದು ಅವರಿಗೂ ಅನ್ಯಾಯವೇ.

ಸ್ತ್ರೀಯರ ವಿಷಯದಲ್ಲಿ ಬಾಗಿಲುಗಳು ಈಚೆಗೆ ತೆರೆದಿವೆ. ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪರಾಗಿ ಅಭಿಷೇಕ ಹೊಂದಿದರು. ರೋಮನ್ ಕಥೋಲಿಕ ಸಭೆಯಲ್ಲಿ ಪೋಪ್ ಫ್ರಾನ್ಸಿಸರು 2021ರ ಜನವರಿ 10ರಂದು ಹೊರಡಿಸಿದ ಆಜ್ಞೆಯಿಂದ ಪಾಠಕರ ಸ್ಥಾನವನ್ನು ಸ್ತ್ರೀಯರಿಗೂ ವಿಧಿಪೂರ್ವಕವಾಗಿ ಕೊಡಬಹುದಾಯಿತು. ಹೀಗಿರುವಾಗ ಬೆಂಚಿನ ಮೇಲೆ ಸುಮ್ಮನೆ ಕುಳಿತ ನಮ್ಮ ಹುಡುಗಿಯನ್ನು ತಡೆದದ್ದು ಯಾವ ನಿಯಮವೂ ಅಲ್ಲ. ಯಾರಾದರೂ ಏನಾದರೂ ಅಂದರೆ ಎಂಬ ಅಂಜಿಕೆ.

ಆ ಅಂಜಿಕೆಗೆ ನಾವು ಅಧ್ಯಾಪಕಿಯರೂ ಕಾರಣರೇ ಎಂದು ಒಪ್ಪಿಕೊಳ್ಳಬೇಕು. ಬೆಳಗಿನ ಪ್ರಾರ್ಥನೆಗೆ ಒಳ್ಳೆಯ ಕಂಠದವಳನ್ನೇ, ತಡವರಿಸದವಳನ್ನೇ ನಾವು ಆರಿಸಿದೆವು. ಅವಳಿಗೂ ಅದು ಪ್ರಾರ್ಥನೆಯಾಗದೆ ಬಹುಮಾನವಾಗಿ ಕಂಡಿತು. ಶಾಲೆ ಬಿಟ್ಟ ದಿನ ಬಹುಮಾನವೂ ಮುಗಿಯಿತು. ಉಳಿದವರು ಕೇಳುವುದನ್ನು ಮಾತ್ರ ಕಲಿತರು. ಲವೊದಿಕೀಯದ ನಿಯಮವನ್ನು ನಾವು ತಿಳಿಯದೆಯೇ ನಡಿಸಿದಂತಾಯಿತು. ಮನೆಗಳಲ್ಲಿ ಈಗ ಇನ್ನೊಬ್ಬ ಗಾಯಕನು ಬಂದಿದ್ದಾನೆ: ಮೊಬೈಲನ್ನು ದೀಪದ ಪಕ್ಕದಲ್ಲಿಟ್ಟರೆ ಅದೇ ಹಾಡುತ್ತದೆ, ಅದೇ ಪ್ರಾರ್ಥಿಸುತ್ತದೆ, ಮನೆಯವರು ಅಡಿಗೆ ಮಾಡುತ್ತಾರೆ. ಸ್ವರ ಶುದ್ಧವಾಗಿದೆ, ಸಂದೇಹವಿಲ್ಲ. ಆದರೆ ಆ ಗಾಯಕನಿಗೆ ನಮ್ಮ ಮನೆಯ ಕಾಯಿಲೆಯವರ ಹೆಸರು ತಿಳಿಯದು.

ಆದಕಾರಣ ಶಾಲೆಯಲ್ಲಿ ಪ್ರತಿಯೊಬ್ಬ ಹುಡುಗಿಗೂ, ತಡವರಿಸುವವಳಿಗೂ, ಸರದಿ ಬರಬೇಕೆಂದು ನಮ್ಮ ಅಭಿಪ್ರಾಯವು. ರಕ್ಷಕರು ಮನೆಯಲ್ಲಿ ತಮ್ಮ ತಮ್ಮ ಮತಕ್ಕೆ ತಕ್ಕಂತೆ ಸಂಜೆಯ ಒಂದು ಕಾಲು ಗಂಟೆಯನ್ನು ಮಗಳ ಕೈಗೆ ಕೊಟ್ಟು ನೋಡಲಿ. ಹಳೇ ವಿದ್ಯಾರ್ಥಿನಿಯರು ಮದುವೆಯಾಗಿ ಹೋದ ಊರಿನ ಸಭೆಯಲ್ಲಿ ತಾವಾಗಿ ಕೇಳಬೇಕು. ಕೇಳಿದರೆ ಇಲ್ಲವೆನ್ನುವ ಪಾಲಕರು ಬಹಳ ಮಂದಿ ಇರಲಾರರು.

ಮೊದಲು ಹೇಳಿದ ಆ ಸಭೆಯಲ್ಲಿ ಈಗ ಬುಧವಾರಗಳಿಗೆ ಸರದಿಯ ಪಟ್ಟಿಯೊಂದನ್ನು ಬಾಗಿಲ ಬಳಿ ಅಂಟಿಸಿದ್ದಾರೆ. ಅದನ್ನು ಬರೆಯಲು ಹೇಳಿದವರು ಸಭಾಪಾಲಕರೇ. ಎರಡನೆಯ ಬುಧವಾರ ಓದುವವಳು ಗಾಬರಿಯಲ್ಲಿ ಒಂದು ಪುಟ ಹೆಚ್ಚಾಗಿ ಮಗುಚಿ ಬೇರೆ ಕೀರ್ತನೆಯನ್ನು ಓದಿದಳಂತೆ. ಕೇಳಿದವರು ತಪ್ಪನ್ನು ತಿಳಿದೂ ಆಮೆನ್ ಎಂದರಂತೆ. ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿವೆ. ಆರು ಹೆಂಗಸರದು, ಮೂರು ಗಂಡಸರದು. ಅಯ್ಯನವರ ಹೆಸರು ಐದನೆಯದು.